ಎಡಗಡೆಯ ಬ್ಯಾಕು

ನಾನು ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದವನು ಎಂದರೆ ನಮ್ಮ ಮಾಂಬಳ್ಳಿಯಲ್ಲಿ ಈಗಲೂ ಕೆಲವರು ನಗುತ್ತಾರೆ. ಗದ್ದೆ ಇದ್ದ ಮನೆಯ ಮಗ ಚೆಂಡು ಒದ್ದು ಸಂಬಳ ತಂದ ಎಂಬುದನ್ನು ಅವರು ನಂಬುವುದಿಲ್ಲ. ಆದರೆ ಅದು ನಿಜ. ಕೊಯಮತ್ತೂರಿನ ಒಂದು ಹತ್ತಿ ಮಿಲ್ಲಿನ ತಂಡದಲ್ಲಿ ಐದು ವರ್ಷ ನಾನು ಬಲಗಡೆಯ ಬ್ಯಾಕು. ರಿಜಿಸ್ಟರಿನಲ್ಲಿ ನೂಲಿನ ಕೆಲಸಗಾರ ಎಂದು ಬರೆದಿತ್ತು. ಮಿಲ್ಲಿಗೆ ಬೇಕಾಗಿದ್ದದ್ದು ನನ್ನ ಕೈಯಲ್ಲ, ಕಾಲು. ಆ ಐದು ವರ್ಷವನ್ನು ಆಟದ ಮೇಲಿನ ಪ್ರೀತಿಯಿಂದ ಆಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಒಬ್ಬ ಮನುಷ್ಯನನ್ನು ಹಾಳು ಮಾಡಬೇಕೆಂದು ಆಡಿದೆ. ಹಾಳು ಮಾಡಿದೆ.

ಹೈಸ್ಕೂಲಿಗೆಂದು ಕೊಳ್ಳೇಗಾಲಕ್ಕೆ ಬಂದು ಅಕ್ಕನ ಮನೆಯಲ್ಲಿ ಉಳಿದವನು ನಾನು. ಆಗ ನಮ್ಮ ಯಳಂದೂರು ಮೈಸೂರಿನದು, ಕೊಳ್ಳೇಗಾಲ ಮದ್ರಾಸಿನದು. ಬೆಳಗ್ಗೆ ಸೈಕಲ್ ಹತ್ತಿದರೆ ಬಿಸಿಲೇರುವ ಮುಂಚೆ ಸಿಗುವ ಅಕ್ಕನ ಮನೆ ಬೇರೆ ಸರ್ಕಾರದಲ್ಲಿತ್ತು. ಭಾವ ರೇಷ್ಮೆ ನೂಲಿನ ವ್ಯಾಪಾರ ಮಾಡುತ್ತಿದ್ದರು. ಮಾತು ಕಡಿಮೆ, ಊಟ ಹೆಚ್ಚು, ಯಾರ ಗೋಜಿಗೂ ಹೋಗದ ಮನುಷ್ಯ. ಅವರಿಗೆ ಮಕ್ಕಳಿರಲಿಲ್ಲ. ಅಕ್ಕ ನನ್ನನ್ನು ತಮ್ಮನಿಗಿಂತ ಮಗನ ಹಾಗೆಯೇ ನೋಡಿಕೊಂಡಳು.

ಓದು ತಲೆಗೆ ಹತ್ತಲಿಲ್ಲ. ಸ್ಕೂಲಿನ ಡ್ರಿಲ್ ಮಾಸ್ತರು ಸೈನ್ಯದ ಪಟಾಲಮ್ಮಿನಲ್ಲಿದ್ದು ಬಂದ ತಮಿಳರು. ಅವರು ಒಂದು ದಿನ ನನ್ನ ಮೀನಖಂಡವನ್ನು ಎತ್ತಿನ ಕಾಲು ನೋಡುವವರಂತೆ ಹಿಡಿದು ನೋಡಿ, "ಇದು ಗದ್ದೆ ತುಳಿದ ಕಾಲು. ನೀನು ಓಡಬೇಡ, ನಿಲ್ಲು. ಬಂದವನು ನಿನ್ನನ್ನು ದಾಟಬಾರದು, ಅಷ್ಟೇ ನಿನ್ನ ಕೆಲಸ" ಎಂದು ಹಿಂದೆ ನಿಲ್ಲಿಸಿದರು. ಆ ಕಾಲದಲ್ಲಿ ತಂಡ ಎಂದರೆ ಮುಂದೆ ಐವರು, ನಡುವೆ ಮೂವರು, ಗೋಲಿನ ಮುಂದೆ ಇಬ್ಬರು ಬ್ಯಾಕು. ಹೊಡೆಯುವವರು ಬೇರೆ, ಹೆಸರು ಅವರದು. ಬ್ಯಾಕು ತಡೆಯುವವನು. ಅವನು ಸರಿಯಾಗಿ ಆಡಿದ ದಿನ ಯಾರೂ ಅವನನ್ನು ನೆನೆಯುವುದಿಲ್ಲ, ಒಂದು ಸಲ ತಪ್ಪಿದರೆ ಊರೆಲ್ಲ ನೆನೆಯುತ್ತದೆ. ನನಗೆ ಅದು ಒಪ್ಪಿತು. ಬರಿಗಾಲಲ್ಲೇ ಆಡುತ್ತಿದ್ದೆವು, ಕಣಕಾಲಿಗೆ ಒಂದು ಬಟ್ಟೆ ಸುತ್ತಿಕೊಂಡು.

ಸ್ಕೂಲು ಮುಗಿದ ಮೇಲೆ ಊರಿನ ತಂಡಕ್ಕೆ ಸೇರಿದೆ. ಅಲ್ಲಿ ನನ್ನ ಪಕ್ಕಕ್ಕೆ, ಎಡಗಡೆಯ ಬ್ಯಾಕಾಗಿ ನಿಂತವನು ಹನೂರಿನವನು. ನನಗಿಂತ ಎರಡು ವರ್ಷ ದೊಡ್ಡವನು. ಕೊಳ್ಳೇಗಾಲದಲ್ಲಿ ಹುಣಸೆಹಣ್ಣು, ಸೀಗೆಕಾಯಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಎತ್ತರ, ಒಳ್ಳೆಯ ಮೈಕಟ್ಟು, ನಕ್ಕರೆ ಎದುರಿನವರೂ ನಗಬೇಕು, ಅಂಥ ನಗು. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ತಮ್ಮ ಎನ್ನುತ್ತಿದ್ದ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬೇಯಿಸಿಕೊಂಡು ತಿನ್ನುತ್ತಿದ್ದದ್ದನ್ನು ಕಂಡು ಅಕ್ಕನೇ ಅವನನ್ನು ಊಟಕ್ಕೆ ಕರೆದಳು. ಆಮೇಲೆ ಕರೆಯುವ ಅಗತ್ಯ ಬೀಳಲಿಲ್ಲ. ಮೂರು ವರ್ಷ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಮುದ್ದೆ ಮುರಿದೆವು.

ಇಬ್ಬರು ಬ್ಯಾಕುಗಳ ನಡುವೆ ಒಂದು ಕಟ್ಟು ಇರುತ್ತದೆ. ಚೆಂಡು ಇಬ್ಬರ ಮಧ್ಯೆ ಬಿದ್ದಾಗ ಒಬ್ಬ ಕೂಗಬೇಕು. "ನಂದು" ಎಂದರೆ ಇನ್ನೊಬ್ಬ ಬಿಟ್ಟು ಹಿಂದೆ ಸರಿಯಬೇಕು. "ನಿಂದು" ಎಂದರೆ ಅವನು ನುಗ್ಗಬೇಕು, ಕೂಗಿದವನು ಹಿಂದೆ ನಿಂತು ಕಾಯಬೇಕು. ನೋಡಿ ತೀರ್ಮಾನ ಮಾಡಲು ಹೊತ್ತಿರುವುದಿಲ್ಲ, ಕಿವಿಯನ್ನೇ ನಂಬಬೇಕು. ಮೂರು ವರ್ಷದಲ್ಲಿ ಅವನ ಕೂಗು ಒಂದು ಸಲವೂ ನನ್ನನ್ನು ತಪ್ಪಿಸಿರಲಿಲ್ಲ.

ಸ್ವಾತಂತ್ರ್ಯ ಬಂದ ಮಾರನೇ ವರ್ಷ ಕೊಯಮತ್ತೂರಿನ ಒಂದು ದೊಡ್ಡ ಮಿಲ್ಲಿನಿಂದ ಆಟಗಾರರನ್ನು ಆರಿಸುವ ಅಧಿಕಾರಿಯೊಬ್ಬರು ಕೊಳ್ಳೇಗಾಲಕ್ಕೆ ಬಂದರು. ಒಬ್ಬ ಬ್ಯಾಕು ಬೇಕು, ಒಬ್ಬನೇ ಸಾಕು ಎಂದು ಮೊದಲೇ ಹೇಳಿದ್ದರು. ಮಿಲ್ಲಿನ ಕೆಲಸ, ಕ್ವಾರ್ಟರ್ಸು, ಆಟ. ಆಯ್ಕೆಯ ಆಟದ ಹಿಂದಿನ ದಿನ ಇಬ್ಬರೂ ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದಾಗ ಅವನು, "ನಿನ್ನೇ ತಕ್ಕತಾರೆ ಕಣ್ಲಾ ತಮ್ಮ. ನೀ ಓಗು, ಆಮ್ಯಾಲೆ ನನ್ನೂ ಕರ್ಸ್ಕ" ಎಂದ. ನಾನು, "ನೀ ದೊಡ್ಡೋನು, ಮೊದ್ಲು ನೀನು" ಎಂದೆ. ಅಕ್ಕ ಇಬ್ಬರಿಗೂ ಇನ್ನೊಂದು ಸೌಟು ಸಾರು ಬಡಿಸಿದಳು.

ಮಾರನೆಯ ಸಂಜೆಯ ಆಟದಲ್ಲಿ ನಾನು ಚೆನ್ನಾಗಿ ಆಡಿದೆ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಅಂಥ ದಿನಗಳು ಆಟಗಾರನಿಗೆ ಗೊತ್ತಾಗುತ್ತವೆ. ಎದುರಿನವರ ಕಾಲು ಎಲ್ಲಿಗೆ ತಿರುಗುತ್ತದೆ ಎಂಬುದು ಅವರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಅಧಿಕಾರಿ ಕುರ್ಚಿಯಿಂದ ಎದ್ದು ಗೆರೆಯ ಹತ್ತಿರ ಬಂದು ನಿಂತಿದ್ದನ್ನೂ ಕಂಡೆ. ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಚೆಂಡೊಂದು ಎತ್ತರಕ್ಕೆ ಹೋಗಿ ನಮ್ಮಿಬ್ಬರ ನಡುವೆ ಇಳಿಯಿತು.

"ನಿಂದು ಕಣ್ಲಾ ತಮ್ಮಾ, ಒಡಿ!" ಎಂದು ಅವನು ಕೂಗಿದ.

ನಾನು ಎಡಗಾಲೂರಿ ಬಲಗಾಲು ಬೀಸಿದೆ. ಕಣ್ಣು ಚೆಂಡಿನ ಮೇಲಿತ್ತು. ಅವನು ಹಿಂದೆ ನಿಂತಿರಲಿಲ್ಲ. ಬಂದವನು ತನ್ನ ಹಿಮ್ಮಡಿಯನ್ನು ನನ್ನ ಊರಿದ ಕಾಲಿನ ಮೇಲೆ, ಮೊಣಕಾಲಿಗೆ ಒಂದು ಗೇಣು ಕೆಳಗೆ, ಇಡೀ ಮೈಭಾರದಿಂದ ಇಳಿಸಿದ. ಕಬ್ಬು ಮುರಿದಂಥ ಸದ್ದು. ಬಿದ್ದ ನಾನು ಮೇಲೆ ನೋಡಿದಾಗ ಅವನು ನನ್ನನ್ನೇ ನೋಡುತ್ತಿದ್ದ, ಒಂದು ಕ್ಷಣ, ಸಾಮಾನು ತೂಕಕ್ಕೆ ಸರಿಬಂತೋ ಎಂದು ತಕ್ಕಡಿಯ ಮುಳ್ಳು ನೋಡುವ ಗುಮಾಸ್ತನ ಹಾಗೆ. ಆಮೇಲೆ ತಲೆ ಚಚ್ಚಿಕೊಂಡು ಅಳಲು ಶುರುಮಾಡಿದ. ಯಾರನ್ನೂ ಹತ್ತಿರ ಬಿಡದೆ ತಾನೇ ನನ್ನನ್ನು ಹೆಗಲ ಮೇಲೆ ಹೊತ್ತು ಮೈದಾನದ ಹೊರಗೆ ತಂದ. ಇಡೀ ಊರು ಅದನ್ನು ನೋಡಿತು. ನನ್ನನ್ನು ಮಲಗಿಸಿ ಹಿಂದಿರುಗಿದವನು ಕೊನೆಯ ಹತ್ತು ನಿಮಿಷ ಹುಲಿಯ ಹಾಗೆ ಆಡಿದನಂತೆ.

ಎಂಟು ದಿನದಲ್ಲಿ ಅವನಿಗೆ ಮಿಲ್ಲಿನಿಂದ ಕಾಗದ ಬಂತು.

ಮೂಳೆ ಎರಡಾಗಿತ್ತು. ಊರಿನಲ್ಲಿ ಕಟ್ಟಿಸಿದ ಕಟ್ಟು ಕೂಡಲಿಲ್ಲ, ಬಾವು ಇಳಿಯಲಿಲ್ಲ. ಭಾವ ವಿಚಾರಿಸಿ, ಹೂಗ್ಯಂನಲ್ಲಿ ಮೂಳೆ ಕಟ್ಟುವ ಮುದುಕಿಯೊಬ್ಬಳಿದ್ದಾಳೆ ಎಂದು ತಿಳಿದು, ಹನೂರಿನವರೆಗೆ ಬಸ್ಸಿನಲ್ಲೂ ಅಲ್ಲಿಂದ ಗಾಡಿಯಲ್ಲೂ ನನ್ನನ್ನು ಸಾಗಿಸಿದರು. ಕಾಡಂಚಿನ ಹಳ್ಳಿ. ಮುದುಕಿ ಅರ್ಧ ತಮಿಳು, ಅರ್ಧ ಕನ್ನಡ ಆಡುತ್ತಿದ್ದಳು. ಬಿದಿರ ದಬ್ಬೆ, ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಎಂದು ಅವಳು ಹೊಂದಿಸತೊಡಗಿದಾಗ ಜೊತೆಗೆ ಬಂದಿದ್ದ ಅಕ್ಕ ತಡವರಿಸಿ, "ಅಜ್ಜೀ, ನಾವು ಮೊಟ್ಟೆ ಮುಟ್ಟೋರಲ್ಲ" ಎಂದಳು.

"ಉಣ್ಣು ಅಂದ್ನಾ? ಕಾಲಿಗ್ ಆಕ್ತೀನಿ. ಕಾಲುಗೆ ಯಾವ್ ಜಾತಿ?" ಎಂದಳು ಮುದುಕಿ.

ಅಕ್ಕ, ಭಾವ ಮರಳಿದರು. ನಾನು ಮೂರು ತಿಂಗಳು ಅಲ್ಲಿ ಉಳಿದೆ. ಎರಡನೆಯ ದಿನವೋ ಮೂರನೆಯ ದಿನವೋ ಮುದುಕಿ ನನ್ನ ಕಾಲಿನ ಮೇಲೆ ಬೆರಳಾಡಿಸುತ್ತಾ, "ಯಾರ್ ತುಳ್ದದ್ದು?" ಎಂದು ಕೇಳಿದಳು.

"ಆಡ್ತಾ ಬಿದ್ದೆ" ಎಂದೆ.

"ಬಿದ್ ಮೂಳೆ ಇಂಗ್ ಮುರಿಯಾಕಿಲ್ಲ. ಮ್ಯಾಲಿಂದ ತುಳ್ದವ್ರೆ. ಅಡ್ಡಡ್ಡ ಓಗದೆ ನೋಡು. ನಂಗ್ ಏಳಿಕೊಡ್ತೀಯಾ?"

ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ನನಗೇ ನಾನು ಪೂರ್ತಿ ಹೇಳಿಕೊಂಡಿರಲಿಲ್ಲ. ಆ ಮುದುಕಿಯ ಎದುರು ಅತ್ತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. ದೇವರು ನೋಡಿಕೊಳ್ಳುತ್ತಾನೆ ಎನ್ನಲಿಲ್ಲ. ದಬ್ಬೆಯ ದಾರ ಬಿಗಿದು, "ಆ ಸಿಟ್ಟ ಬಿಡ್ಬ್ಯಾಡ, ಮಡಿಕ. ಏಳ್ಬೇಕು ಅನ್ನೋ ಛಲ ಇರೋನ್ ಮೂಳೆ ಬಿರ್ರನೆ ಕೂಡ್ತದೆ. ಸುಮ್ಕೆ ಮನಗಿರೋನ್ ಮೂಳೆ ಸೋಮಾರಿ ಆಯ್ತದೆ" ಎಂದಳು. ಅದು ವೈದ್ಯವೋ ಅಲ್ಲವೋ ಗೊತ್ತಿಲ್ಲ. ನನ್ನ ಮೂಳೆ ಕೂಡಿತು, ಒಂದು ನೂಲಿನಷ್ಟು ಗಿಡ್ಡವಾಗಿ.

ಕೋಲೂರಿಕೊಂಡು ಕೊಳ್ಳೇಗಾಲಕ್ಕೆ ಹಿಂದಿರುಗಿದಾಗ ಅಕ್ಕನ ಅಡುಗೆಮನೆಯ ಗೂಡಿನಲ್ಲಿ ಒಂದು ಹಲ್ವದ ಪೊಟ್ಟಣವಿತ್ತು. ಹಿಂದಿನ ವಾರ ಹನೂರಿನವನು ರಜೆಗೆ ಬಂದು ತಂದಿಟ್ಟಿದ್ದನಂತೆ. ಇಲ್ಲೇ ಉಂಡನಂತೆ.

"ನಿನ್ ಇಚಾರ ಕೇಳ್ಕಂಡು ಕಣ್ಣೀರಾಕ್ದ ಕಣಪ್ಪ" ಎಂದಳು ಅಕ್ಕ.

ಆಗ ಅವಳಿಗೂ ಹೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನನ್ನ ತಲೆ ಸವರಿದಳು. "ಮಗಾ, ನೋವಲ್ಲಿ ಏನೇನೋ ಕೇಳ್ಸಿರ್ತದೆ. ಎಗಲ್ ಮ್ಯಾಲೆ ಒತ್ಕಂಡ್ ಬಂದೋನು ಅವ್ನು. ಅಂಗೆಲ್ಲಾ ಅನ್ಬ್ಯಾಡ, ಪಾಪ ಬತ್ತದೆ."

ನಾನು ಎದ್ದು ಪೊಟ್ಟಣವನ್ನು ಹಿತ್ತಲಲ್ಲಿದ್ದ ಎಮ್ಮೆಯ ಕಲಗಚ್ಚಿನ ಬಾನಿಯೊಳಕ್ಕೆ ಎಸೆದೆ. ಎಮ್ಮೆ ತಿಂದಿತು. ಅಕ್ಕ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಕಾಲು ಮುರಿದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು. ಅವನು ಉಂಡ ಮನೆಗೆ ಎರಡು ಬಗೆದ. ಬಗೆದ ಮೇಲೂ ಅದೇ ಮನೆಯಲ್ಲಿ ಉಣ್ಣುತ್ತಿದ್ದ, ಸುಳ್ಳುಗಾರ ನಾನಾದೆ.

ಮಾಂಬಳ್ಳಿಗೆ ಹೋದೆ. ಸುವರ್ಣಾವತಿಯ ಹೊಳೆಮರಳಿನಲ್ಲಿ ಮೊದಲು ನಡೆದೆ, ಆಮೇಲೆ ಓಡಿದೆ, ಆಮೇಲೆ ಹುಲ್ಲು ತುರುಕಿ ಹೊಲಿದ ಚರ್ಮದ ಚೀಲವನ್ನು ಒದ್ದೆ. ಅಪ್ಪ ಗದ್ದೆಯ ಬದುವಿನಲ್ಲಿ ನಿಂತು, "ಅದ್ನ ಒದ್ದೇ ಕಾಲ್ ಕಳ್ಕಂಡೆ, ತಿರ್ಗ ಅದ್ನೇ ಒದೀತಿದ್ದೀಯಲ್ಲ, ಬುದ್ಧಿ ಅದಾ ನಿಂಗೆ?" ಎಂದು ಕೇಳುತ್ತಿದ್ದರು. ನಾನು ಮತ್ತೆ ಒದೆಯುತ್ತಿದ್ದೆ. ಮೊದಲಿನ ವೇಗ ಬರಲಿಲ್ಲ. ಅದರ ಬದಲು ನೋಡುವುದನ್ನು ಕಲಿತೆ. ಓಡಲಾಗದವನು ಮೊದಲೇ ಅಲ್ಲಿ ಹೋಗಿ ನಿಂತಿರಬೇಕು. ಎರಡು ವರ್ಷವಾಯಿತು. ಆಮೇಲೆ ಡ್ರಿಲ್ ಮಾಸ್ತರ ಹತ್ತಿರ ಹೋಗಿ, ಅವನಿದ್ದ ಮಿಲ್ಲಿಗೆ ಆಟದಲ್ಲಿ ಕಡುವೈರಿ ಯಾವ ಮಿಲ್ಲು ಎಂದು ಕೇಳಿದೆ. ಮಾಸ್ತರು ನನ್ನ ಮುಖವನ್ನೂ ಕಾಲನ್ನೂ ನೋಡಿದರು. ಆ ಮಿಲ್ಲಿನ ಕ್ಯಾಪ್ಟನ್ನಿಗೆ ಕಾಗದ ಬರೆದುಕೊಟ್ಟರು. ದಿಂಬಂ ಘಾಟಿ ಇಳಿದು ಹೋದೆ, ಪರೀಕ್ಷೆಗೆ ಆಡಿದೆ, ಸೇರಿದೆ.

ನಾನು ಅಂದುಕೊಂಡಿದ್ದದ್ದು ಸರಳವಾಗಿತ್ತು. ಅವನ ಎದುರು ಆಡುವುದು, ಮೊದಲ ಅವಕಾಶಕ್ಕೆ ಅವನ ಕಾಲು ಮುರಿಯುವುದು. ಮುಯ್ಯಿಗೆ ಮುಯ್ಯಿ.

ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಮಿಲ್ಲಿನ ತಂಡಗಳು ಕೊಳ್ಳೇಗಾಲಕ್ಕೆ ಬಂದು ಕಪ್ಪಿಗಾಗಿ ಆಡುತ್ತಿದ್ದವು. ಮೊದಲ ವರ್ಷವೇ ನಮಗೂ ಅವನ ಮಿಲ್ಲಿಗೂ ಆಟ ಬಿತ್ತು. ಮೈದಾನಕ್ಕೆ ಇಳಿದಾಗ ಅವನು ದೂರದಿಂದ ಕೈಯೆತ್ತಿ ನಕ್ಕ. ಆಟ ಶುರುವಾಯಿತು. ಅರ್ಧ ಗಂಟೆ ಆಗುವಷ್ಟರಲ್ಲಿ ನಾನೆಂಥ ಮೂರ್ಖ ಎಂಬುದು ನನಗೆ ತಿಳಿಯಿತು. ನಾನು ಬ್ಯಾಕು, ಅವನೂ ಬ್ಯಾಕು. ನಾನು ಈ ಗೋಲಿನ ಮುಂದೆ, ಅವನು ಆ ಗೋಲಿನ ಮುಂದೆ. ಎರಡು ಊರುಗಳ ಕಾವಲುಗಾರರು ಎಂದಾದರೂ ಎದುರಾಗುತ್ತಾರೆಯೇ? ಇಡೀ ಆಟದಲ್ಲಿ ಅವನು ನನ್ನ ಹತ್ತಿರ ಬರಲಿಲ್ಲ, ನಾನು ಅವನ ಹತ್ತಿರ ಹೋಗುವಂತಿರಲಿಲ್ಲ. ಒಂದು ಸಲ ತಡೆಯಲಾರದೆ ಚೆಂಡು ತೆಗೆದುಕೊಂಡು ನಡುಗೆರೆ ದಾಟಿ ನುಗ್ಗಿದೆ. ಕ್ಯಾಪ್ಟನ್ ಹಿಂದಿನಿಂದ ಬೈದು ಕರೆದ. ಆಟ ಸಮವಾಗಿ ಮುಗಿಯಿತು. ಕೈ ಕುಲುಕುವಾಗ ಅವನು, "ಕಾಲ್ ಎಂಗದೆ ತಮ್ಮಾ?" ಎಂದು ಕೇಳಿದ. ಎಲ್ಲರೂ ನೋಡುತ್ತಿದ್ದರು. "ಚೆಂದಾಗದೆ" ಎಂದೆ. ಆ ದಿನ ಅವನು ಅಕ್ಕನ ಮನೆಯಲ್ಲಿ ಉಂಡು ಹೋದ. ನಾನು ತಂಡದವರೊಡನೆ ಛತ್ರದಲ್ಲಿ ಉಳಿದೆ, ಒಂದು ತುತ್ತು ಇಳಿಯಲಿಲ್ಲ.

ಛತ್ರದ ಜಗಲಿಯಲ್ಲಿ ಕೂತಾಗ ಹೊಳೆಯಿತು. ನನ್ನ ಕಾಲು ಅವನನ್ನು ಮುಟ್ಟುವುದಿಲ್ಲ, ಸರಿ. ಆದರೆ ಮೂರು ವರ್ಷ ಅವನ ಪಕ್ಕದಲ್ಲಿ ನಿಂತವನು ನಾನು. ಅವನ ತಪ್ಪುಗಳನ್ನೆಲ್ಲ ಮುಚ್ಚಿದವನು ನಾನು. ಅವು ಏನೇನು ಎಂದು ಅವನಿಗೂ ಗೊತ್ತಿಲ್ಲ, ನನಗೆ ಗೊತ್ತು.

ನಮ್ಮ ತಂಡದ ಬಲಗಡೆಯ ಫಾರ್ವರ್ಡ್ ಒಬ್ಬ ಗಿಡ್ಡ ಮನುಷ್ಯ, ನೂಲಿನ ವಿಭಾಗದವನು, ಇಬ್ಬರು ಮಕ್ಕಳ ತಂದೆ. ಬಲಗಡೆಯ ಫಾರ್ವರ್ಡ್ ಎದುರಿಸಬೇಕಾದದ್ದು ಆ ಕಡೆಯ ಎಡಗಡೆಯ ಬ್ಯಾಕನ್ನು. ಇವನಿಗೆ ಕನ್ನಡ ಬಾರದು. ನನ್ನದು ಕೊಳ್ಳೇಗಾಲದ ತಮಿಳು. ಪಾಳಿ ಮುಗಿದ ಮೇಲೆ ನೀರಿನ ತೊಟ್ಟಿಯ ಹತ್ತಿರ ಕೂತು ಇಟ್ಟಿಗೆಯ ಚೂರಿನಿಂದ ನೆಲದ ಮೇಲೆ ಗೆರೆ ಎಳೆದು ಅವನಿಗೆ ಹೇಳಿಕೊಟ್ಟೆ. ಹನೂರಿನವನು ಚೆಂಡು ಹೊಡೆಯುವ ಮೊದಲು ಎರಡು ಪುಟ್ಟ ಹೆಜ್ಜೆ ಇಡುತ್ತಾನೆ. ಎರಡನೆಯ ಹೆಜ್ಜೆಗೆ ಎದುರು ನಿಂತರೆ ಕಣ್ಣುಮುಚ್ಚಿ ತನ್ನ ಗೋಲ್‌ಕೀಪರನ ಕಡೆಗೆ ತಳ್ಳುತ್ತಾನೆ. ಅವನ ಬೆನ್ನ ಹಿಂದೆ ಓಡಿದರೆ ಎಡಕ್ಕೆ ತಿರುಗುತ್ತಾನೆ, ಬಲಕ್ಕೆ ತಿರುಗಲು ಅವನ ಸೊಂಟ ಬಗ್ಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಅವನು ನಗೆಯನ್ನು ತಾಳಲಾರ. ಒಂದು ಸಲ ದಾಟಿಹೋಗಿ ಅವನ ಮುಖ ನೋಡಿ ನಕ್ಕುಬಿಡು, ಆಮೇಲೆ ಅವನು ಚೆಂಡನ್ನು ಬಿಟ್ಟು ನಿನ್ನ ಹಿಂದೆ ಬೀಳುತ್ತಾನೆ.

ಗಿಡ್ಡ ಮನುಷ್ಯ ಗೆರೆಗಳನ್ನು ನೋಡುತ್ತಾ, "ಅವನ್ ಉನಕ್ಕು ಯಾರ್?" ಎಂದ. ಅವನು ನಿನಗೆ ಏನಾಗಬೇಕು ಎಂದು.

"ಅಣ್ಣನ್" ಎಂದೆ.

ಒಂದು ವರ್ಷ, ವಾರಕ್ಕೆ ನಾಲ್ಕು ದಿನ, ಅಭ್ಯಾಸದಲ್ಲಿ ನಾನು ಹನೂರಿನವನಾಗಿ ನಿಂತೆ. ಅವನ ಹಾಗೆಯೇ ಎರಡು ಹೆಜ್ಜೆ ಇಟ್ಟೆ, ಅವನ ಹಾಗೆಯೇ ಎಡಕ್ಕೆ ತಿರುಗಿದೆ, ಗಿಡ್ಡನಿಂದ ಮತ್ತೆ ಮತ್ತೆ ಮೋಸಹೋದೆ. ನಾನು ದ್ವೇಷಿಸುತ್ತಿದ್ದ ಮನುಷ್ಯನ ಹಾಗೆ ನಡೆಯುವುದು, ಮೈ ತಿರುಗಿಸುವುದು ನನಗೆ ಅಭ್ಯಾಸವಾಗಿಹೋಯಿತು. ಈ ಮಧ್ಯೆ ಕೊಯಮತ್ತೂರಿನಲ್ಲಿ ಅವರ ಎದುರು ಒಂದು ಆಟ ಬಂತು. ಗಿಡ್ಡನಿಗೆ, "ಈಗ ಬೇಡ, ಏನೂ ತೋರಿಸಬೇಡ" ಎಂದೆ. ಆ ಆಟ ಸೋತೆವು. ನನಗೆ ಬೇಕಾಗಿದ್ದದ್ದು ಕೊಳ್ಳೇಗಾಲದ ಮೈದಾನ, ಅವನ ಜನರ ಕಣ್ಣೆದುರು.

ಮುಂದಿನ ದೀಪಾವಳಿ ಕಳೆದ ಮೇಲೆ ಅದು ಬಂತು. ಹನೂರಿನಿಂದ ಎರಡು ಬಸ್ಸು ತುಂಬ ಜನ ಬಂದಿದ್ದರು, ಹಾರ ತಂದಿದ್ದರು. ಅಕ್ಕನೂ ಭಾವನೂ ಮೈದಾನದ ಪಕ್ಕದ ಮನೆಯ ಜಗಲಿಯಲ್ಲಿ ಕೂತಿದ್ದರು.

ಮೊದಲ ಕಾಲು ಗಂಟೆಯಲ್ಲೇ ಗಿಡ್ಡ ಹನೂರಿನವನ ಎರಡನೆಯ ಹೆಜ್ಜೆಗೆ ಎದುರು ಬಂದ. ಅವನು ಹಿಂದಕ್ಕೆ ತಳ್ಳಿದ ಚೆಂಡು ಗೋಲ್‌ಕೀಪರನಿಗೆ ಸಿಗದೆ ಒಳಗೆ ಹೋಯಿತು, ತನ್ನ ಗೋಲಿಗೆ ತಾನೇ. ಗಿಡ್ಡ ಅವನ ಮುಖದ ಹತ್ತಿರ ಹೋಗಿ ನಕ್ಕ. ನಾನು ಇತ್ತ ನನ್ನ ಜಾಗದಲ್ಲಿ ನಿಂತು ನೋಡಿದೆ. ಅಷ್ಟು ದೂರದಿಂದಲೂ ಅವನ ಕತ್ತಿನ ನರ ಉಬ್ಬಿದ್ದು ನನಗೆ ಕಂಡಂತಾಯಿತು. ಆಮೇಲೆ ನಾನು ಹೇಳಿದ ಹಾಗೆಯೇ ಎಲ್ಲ ನಡೆಯಿತು. ಅವನು ಜಾಗ ಬಿಟ್ಟು ಗಿಡ್ಡನನ್ನು ಅಟ್ಟತೊಡಗಿದ. ಅವನು ಬಿಟ್ಟ ಜಾಗದಿಂದ ಎರಡನೆಯ ಗೋಲು ಬಂತು. ಹನೂರಿನವರ ಗುಂಪಿನಿಂದಲೇ ಯಾರೋ, "ಲೇ, ಚಡ್ಡಿ ಬದ್ರ ಕಣ್ಲಾ, ಗಿಡ್ಡ ಕಿತ್ಕಂಡ್ ಓದಾನು!" ಎಂದು ಕೂಗಿದರು. ಮೈದಾನವೆಲ್ಲ ನಕ್ಕಿತು. ಮೂರನೆಯ ಸಲ ಅವನು ಚೆಂಡಿನ ಕಡೆಗೆ ನೋಡಲೇ ಇಲ್ಲ, ಗಿಡ್ಡನ ಕಾಲಿಗೇ ಬಿದ್ದ. ಅದೂ ಸಿಗದೆ ಮುಖ ಅಡಿಯಾಗಿ ಮಣ್ಣಿನ ಮೇಲೆ ಜಾರಿದ. ಗಿಡ್ಡ ನಿಧಾನವಾಗಿ, ಅಂಗಳದಲ್ಲಿ ನಡೆಯುವವನ ಹಾಗೆ, ಗೋಲಿನೊಳಗೆ ಚೆಂಡು ಬಿಟ್ಟುಬಂದ.

ನಾನು ಅಷ್ಟು ಸಂತೋಷವನ್ನು ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನನ್ನ ಮದುವೆಯ ದಿನವನ್ನೂ ಸೇರಿಸಿ ಹೇಳುತ್ತಿದ್ದೇನೆ.

ಆಟ ಮುಗಿದ ಮೇಲೆ ಅವನು ಗೋಲುಕಂಬದ ಹತ್ತಿರ ಒಬ್ಬನೇ ನಿಂತಿದ್ದ. ಮೊಣಕೈ ತರಚಿ ರಕ್ತ ಬರುತ್ತಿತ್ತು. ನಾನು ಇಡೀ ಮೈದಾನ ದಾಟಿ ಅಲ್ಲಿಗೆ ಹೋದೆ.

"ನೀ ಏಳ್ಕೊಟ್ಟೆ" ಎಂದ, ನನ್ನ ಮುಖ ನೋಡದೆ.

"ಊಂ. ನಾನೇ."

ಹಿಂದಿರುಗಿ ಬರುವಾಗ ಜಗಲಿಯಿಂದ ಇಳಿದುಬಂದ ಅಕ್ಕ ನನ್ನ ತೋಳು ಹಿಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಅದು ಅವನಿಗಾಗಿ. "ಊರೋರ ಮುಂದೆ ಇಂಗೆ ಮಾನ ಕಳೀಬಾರ್ದಾಗಿತ್ತು ಕಣಪ್ಪ" ಎಂದಳು. ತೋಳು ಬಿಡಿಸಿಕೊಂಡು ನಡೆದೆ.

ಬೇರೆ ತಂಡಗಳ ಫಾರ್ವರ್ಡುಗಳಿಗೂ ಕಣ್ಣಿದ್ದವು. ಗಿಡ್ಡ ಮಾಡಿದ್ದನ್ನು ಅವರೂ ಮಾಡಿದರು. ಮೂರು ತಿಂಗಳಲ್ಲಿ ಅವನ ಮಿಲ್ಲು ಅವನನ್ನು ತಂಡದಿಂದ ತೆಗೆಯಿತು. ಆಡದ ಆಟಗಾರ ಮಿಲ್ಲಿಗೆ ಬರೀ ಕೂಲಿ. ಹತ್ತಿ ಬಡಿದು ಬಿಡಿಸುವ ವಿಭಾಗಕ್ಕೆ ಹಾಕಿದರು. ಅಲ್ಲಿ ಗಾಳಿಯೆಲ್ಲ ಹತ್ತಿಯ ಧೂಳು. ಕೆಮ್ಮು ಹಿಡಿಯಿತು, ಕೆಲಸ ಬಿಟ್ಟು ಊರಿಗೆ ಹೋದ. ಈ ಸುದ್ದಿಗಳನ್ನೆಲ್ಲ ನಾನು ಕೇಳಿ ಕೇಳಿ ತಿಳಿದುಕೊಂಡೆ. ಹನೂರಿನ ಬಸ್ಸಿನ ಕಂಡಕ್ಟರು ನನಗೆ ಗೊತ್ತಿದ್ದವರು. ಅವರು ಬೇಸರವಿಲ್ಲದೆ ಹೇಳುತ್ತಿದ್ದರು, ನಾನು ಬೇಸರವಿಲ್ಲದೆ ಕೇಳುತ್ತಿದ್ದೆ.

ಆದರೂ ತೃಪ್ತಿಯಾಗಲಿಲ್ಲ. ಅವನು ಬಿದ್ದ, ನಿಜ. ಆದರೆ ಮಾಡಿದ್ದನ್ನು ಒಪ್ಪಿಕೊಂಡಿರಲಿಲ್ಲ. ಅವನ ಬಾಯಿಂದ ಅದು ಬರುವವರೆಗೆ, ಅಕ್ಕನ ಲೆಕ್ಕದಲ್ಲಿ ನಾನು ನೋವಿನಲ್ಲಿ ಏನೋ ಕೇಳಿಸಿಕೊಂಡವನು. ಮರುವರ್ಷದ ರಜೆಯಲ್ಲಿ ಹನೂರಿಗೆ ಹೋದೆ. ಅವನು ಅಜ್ಜೀಪುರದ ದಾರಿಯಲ್ಲಿ ಬಿದಿರು ತುಂಬಿಸುವ ಕಡೆ ಮೇಸ್ತ್ರಿಯಾಗಿದ್ದಾನೆ ಎಂದರು. ನಡೆದೆ. ಮಧ್ಯಾಹ್ನದ ಬಿಸಿಲು. ಲಾರಿಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ. ತೆಳ್ಳಗಾಗಿದ್ದ. ನನ್ನನ್ನು ಕಂಡು ಎದ್ದು ನಿಂತ, ಆಮೇಲೆ ಮತ್ತೆ ಕೂತ.

"ಇನ್ನೂ ಏನ್ಲಾ ಬೇಕು ನಿಂಗೆ?"

"ಒಂದ್ ಮಾತು. ಅವತ್ತು ‘ನಿಂದು’ ಅಂದ್ಯಾ ಇಲ್ವಾ?"

ಅವನು ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಕಾದೆ. ಲಾರಿಯ ಆಚೆ ಆಳುಗಳು ಮಾತಾಡುವುದು ಕೇಳುತ್ತಿತ್ತು.

"ಅಂದೆ" ಎಂದ. "ಗೊತ್ತಿದ್ದೇ ಅಂದೆ. ಆಟದ್ ಇಂದಿನ್ ದಿನ ನಿಮ್ಮಕ್ಕನ ಮನೇಲಿ ಉಣ್ವಾಗ್ಲೇ ಗೊತ್ತಿತ್ತು ನಂಗೆ. ಒಬ್ಬುನ್ನೇ ತಕ್ಕತೀನಿ ಅಂದಿದ್ರು. ನೀ ನನಗಿಂತ ಚೆಂದಾಗ್ ಆಡ್ತಿದ್ದೆ. ನಂಗೆ ಆ ಮಂಡಿ, ಆ ಸೀಗೇಕಾಯ್ ಧೂಳು ಸಾಕಾಗೋಗಿತ್ತು ಕಣ್ಲಾ."

"ನನ್ ಕೇಳಿದ್ರೆ ಬಿಟ್ ಕೊಡ್ತಿದ್ದೆ."

"ಕೊಡ್ತಿದ್ದೆ. ಅದ್ಕೇ ಕೇಳ್ನಿಲ್ಲ. ನಿನ್ ಕೈಯಿಂದ ಇಸ್ಕಳಾಕೆ ಆಗ್ನಿಲ್ಲ ನಂಗೆ." ಅವನು ಕಾಲು ಚಾಚಿದ. ಪಕ್ಕದಲ್ಲಿ ಬಿದಿರು ಕಡಿಯುವ ಮಚ್ಚು ಬಿದ್ದಿತ್ತು. "ಅಗೋ ಮಚ್ಚದೆ. ಕಾಲ್ ತಾನೆ ನಿಂಗ್ ಬೇಕಾಗಿದ್ದು? ತಕ. ಅದ್ಯಾಕ್ ಊರೆಲ್ಲ ಸುತ್ಕಂಡ್ ಬಂದೆ?"

ಆ ಕಾಲನ್ನು ನೋಡಿದೆ. ಎಷ್ಟೋ ವರ್ಷ ನಾನು ಕಣ್ಣುಮುಚ್ಚಿದರೆ ಕಾಣುತ್ತಿದ್ದ ಕಾಲು. ಮಾಂಸ ಇಳಿದು ಒಣಗಿತ್ತು. ನಿಜ ಹೇಳುತ್ತೇನೆ, ಕರುಣೆ ಬರಲಿಲ್ಲ. ಆದರೆ ಆ ಕೆಮ್ಮು ಮಾತ್ರ ನನಗೆ ಹಿಡಿಸಲಿಲ್ಲ. ನಾನು ಬಯಸಿದ್ದು ಅವನ ಕಾಲನ್ನು, ಎದೆಯನ್ನಲ್ಲ. ಬೇಡದ್ದನ್ನು ಮುರಿದೆನೇನೋ ಎಂಬ ಒಂದು ಅನುಮಾನ ಅಲ್ಲಿಂದ ನನ್ನ ಹಿಂದೆ ಬಂದಿದೆ.

"ನಂಗ್ ಬ್ಯಾಡ ನಿನ್ ಕಾಲು. ಉಣ್ಣು" ಎಂದು ಹೇಳಿ ಹಿಂದಿರುಗಿದೆ. ಹನೂರಿನ ಹೋಟೆಲಿನಲ್ಲಿ ಹೊಟ್ಟೆ ತುಂಬ ಉಂಡು ಬಸ್ಸು ಹತ್ತಿದೆ.

ಕೊಳ್ಳೇಗಾಲದಲ್ಲಿ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳ ಕೈ ಬಟ್ಟೆಯ ಮೇಲೆಯೇ ನಿಂತಿತು. "ಇಂದಿನ್ ದಿನ ಉಣ್ವಾಗ್ಲೇನಾ?" ಎಂದು ಕೇಳಿದಳು. ಹೌದೆಂದೆ. ಬಟ್ಟೆ ಹಿಂಡಿ ಹರವಿದಳು.

ಮಾರನೆಯ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅಕ್ಕ ಮನೆಯಲ್ಲಿರಲಿಲ್ಲ. ಹನೂರಿನ ಮೊದಲ ಬಸ್ಸಿಗೆ ಹೋದಳು ಎಂದರು ಭಾವ. ಒಬ್ಬಳೇ ಬಸ್ಸು ಹತ್ತಿದವಳಲ್ಲ ಅವಳು. ಮಧ್ಯಾಹ್ನದ ಹೊತ್ತಿಗೆ ಮುಖ ಕೆಂಪಗೆ ಮಾಡಿಕೊಂಡು ಬಂದಳು. ಕಾಲು ತೊಳೆದು, ನೀರು ಕುಡಿದು ಕೂತ ಮೇಲೆ ನಾನೇ ಕೇಳಿದೆ.

"ಏನ್ ಅಂದೆ ಅಕ್ಕಾ?"

"ಅವ್ನ್ ಬೀದೀಲೇ ನಿಂತ್ಕಂಡ್ ಅಂದೆ. ಎಲ್ರೂ ಕೇಳ್ಲಿ ಅಂತ. ನನ್ ಕೈಯಾರೆ ಇಕ್ಕದ್ದ ಉಂಡು, ಬೆಳ್ಗಾಗೆದ್ದು ನನ್ ಮಗುನ್ ಕಾಲ್ ಮುರ್ದೆ. ಆಮ್ಯಾಲೂ ಬಂದು ನನ್ ತಟ್ಟೇಲೇ ಉಂಡೆ. ನಿನ್ ಮಾತ್ ಕಟ್ಕಂಡು ನಾ ನನ್ ಮಗೂಗೇ ಸುಳ್ಳ ಅಂದೆ ಅಂದೆ."

"ಅವ್ನೇನಂದ?"

"ಏನಂದಾನು? ತಲೆ ತಗ್ಸಿದ್ದ. ಒಳಿಕ್ ಬಾ ಅಕ್ಕಾ, ನೀರ್ ಕುಡ್ಕಂಡ್ ಓಗು ಅಂದ. ಅವ್ನ್ ನೀರ್ ಯಾರಿಗ್ ಬೇಕು." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ ನಂಬ್ನಿಲ್ವಲ್ಲಪ್ಪ ನಾನು" ಎಂದು ಹೇಳಿ ಎದ್ದು ಒಲೆ ಹಚ್ಚಲು ಹೋದಳು.

ಅದಾದ ಮೇಲೆ ಎರಡು ವರ್ಷ ಆಡಿದೆ. ಮೊದಲಿನಷ್ಟು ಚೆನ್ನಾಗಿ ಆಡಲಿಲ್ಲ. ಎದುರಿನ ತುದಿಯಲ್ಲಿ ನೋಡುವಂಥದ್ದು ಏನೂ ಇರುತ್ತಿರಲಿಲ್ಲ. ಎಡಗಾಲು ಊದತೊಡಗಿತು. ಮಿಲ್ಲಿನವರು ತೆಗೆಯುವ ಮೊದಲೇ ಬಿಟ್ಟು ಮಾಂಬಳ್ಳಿಗೆ ಬಂದೆ. ಗಿಡ್ಡ ಬಸ್‌ಸ್ಟ್ಯಾಂಡಿನವರೆಗೆ ನನ್ನ ಟ್ರಂಕು ಹೊತ್ತು ತಂದ.

ನಾನು ಬಂದ ವರ್ಷವೇ ಹನೂರಿನವನಿಗೆ ಮದುವೆಯಾಯಿತು. ಅಕ್ಕನ ಮನೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ್ದ. ಅಕ್ಕ ಅದನ್ನು ಬಿಚ್ಚಿಯೂ ನೋಡದೆ ಅದೇ ಕಂಡಕ್ಟರ ಕೈಗೆ ಹಿಂದಕ್ಕೆ ಕೊಟ್ಟಳಂತೆ. ಭಾವ, ಲಗ್ನಪತ್ರಿಕೆ ಹಿಂದಕ್ಕೆ ಕಳಿಸಬಾರದು, ಅಶುಭ ಎಂದರಂತೆ. "ಗೊತ್ತು, ಅದ್ಕೇ ಕಳ್ಸ್ದೆ" ಎಂದಳಂತೆ. ಈ ಮಾತನ್ನು ಅವಳೇ ನನಗೆ ಹೇಳಿದಳು, ಮಾಂಬಳ್ಳಿಗೆ ಬಂದಿದ್ದಾಗ, ಅವರೆಕಾಯಿ ಸುಲಿಯುತ್ತಾ. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯಲು ಕೂತೆ.